ಹಳಹಳಿಕೆ ಯಾರ ಆಸ್ತಿ? ಕತ್ತಲೆ ಕೋಣೆಯ ಪರದೆಗಳು ಕೇಳುವ ಪ್ರಶ್ನೆ

ಇನ್‌ಸ್ಟಾಗ್ರಾಮ್ ತೆರೆದು ಐದು ನಿಮಿಷ ಬೆರಳಾಡಿಸಿ ನೋಡಿ. ‘ಇದು 90ರ ದಶಕದ ಮಕ್ಕಳಿಗೆ ಮಾತ್ರ ಅರ್ಥ ಆಗುತ್ತೆ’ ಅನ್ನೋ ರೀಲ್ ಒಂದಾದರೂ ಎದುರಾಗುತ್ತದೆ. ಸುತ್ತುತ್ತಾ ಬಂದು ಕೂಡಿಕೊಳ್ಳುವ ದೂರದರ್ಶನದ ಲಾಂಛನ, ಪೆನ್ಸಿಲ್ ತೂರಿಸಿ ಕ್ಯಾಸೆಟ್ ಸುತ್ತುವ ಕೈ, ಬಣ್ಣ ಕದಡಿದ ವಿಎಚ್‌ಎಸ್ ಚಿತ್ರ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಎಐ ಬಳಸಿ ಮಾಡಿದ ಚಿನ್ನದ ಗೋಪುರಗಳ ಸಾಮ್ರಾಜ್ಯ, ಹಿನ್ನೆಲೆಯಲ್ಲಿ ಗುಡುಗುವ ಸಂಗೀತ, ‘ನಾವು ಹೀಗಿದ್ದೆವು, ನಮ್ಮಿಂದ ಕಿತ್ತುಕೊಂಡರು’ ಅನ್ನೋ ಧಾಟಿಯ ಸಾಲು. ಮೊದಲನೆಯದು ಮುದ ಕೊಡುತ್ತದೆ, ಎರಡನೆಯದು ಸಿಟ್ಟು ಬರಿಸುತ್ತದೆ. ಆದರೆ ಎರಡೂ ಉರಿಯುವುದು ಒಂದೇ ಇಂಧನದಿಂದ.

ಆ ಇಂಧನದ ಬೆಲೆ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತು. 2016ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದ ಘೋಷಣೆಯಲ್ಲಿ ನಿಜವಾಗಿ ಕೆಲಸ ಮಾಡಿದ ಪದ ‘ಮತ್ತೆ’. ಅದೇ ವರ್ಷ ಬ್ರಿಟನ್ನನ್ನು ಐರೋಪ್ಯ ಒಕ್ಕೂಟದಿಂದ ಹೊರತಂದ ಪ್ರಚಾರದಲ್ಲಿ ಕೆಲಸ ಮಾಡಿದ್ದು ‘ವಾಪಸ್’. ನಮ್ಮಲ್ಲೂ ಊರಿನ ಹೆಸರು ಬದಲಿಸುವುದರಿಂದ ಹಿಡಿದು ಪಠ್ಯಪುಸ್ತಕ ತಿದ್ದುವವರೆಗೆ ಇದೇ ವ್ಯಾಪಾರ. ಹಾಗಾಗಿ ಹಳಹಳಿಕೆ ಅಂದರೆ ಸಾಕು, ಪ್ರಗತಿಪರರು ಮೂಗು ಮುರಿಯುತ್ತಾರೆ. ಹಿಂದಕ್ಕೆ ನೋಡುವುದೇ ಪ್ರತಿಗಾಮಿ ಅನ್ನೋ ಅನುಮಾನ.

ಅನುಮಾನ ಸುಳ್ಳೇನಲ್ಲ. ಆದರೆ ಇದೇ ಕಚ್ಚಾವಸ್ತುವಿನಿಂದ ಪೂರ್ತಿ ಬೇರೆಯದನ್ನು ಮಾಡುತ್ತಿರುವವರೂ ಇದ್ದಾರೆ: ವಿಡಿಯೋ ಇನ್‌ಸ್ಟಲೇಶನ್ ಕಲಾವಿದರು. ಗ್ಯಾಲರಿಯ ಕತ್ತಲೆ ಕೋಣೆಯಲ್ಲಿ ಹಲವು ಪರದೆ ಹಾಕಿ, ‘ಇದೇನಪ್ಪಾ ತಲೆಬುಡ ಅರ್ಥ ಆಗಲ್ಲ’ ಅಂತ ನಾವು ಹೊರಗೆ ಬಂದುಬಿಡುವ ಕಲೆ ಇದೆಯಲ್ಲ, ಅದೇ. ರಾಜಕೀಯ ಆಸಕ್ತಿ ಇರುವವರು ಯಾಕೆ ಅಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಬೇಕು ಅನ್ನೋದನ್ನು ವಿವರಿಸುವುದು ಈ ಬರಹದ ಉದ್ದೇಶ.

ಮೊದಲು ಅದೊಂದು ಕಾಯಿಲೆ

‘ನಾಸ್ಟಾಲ್ಜಿಯಾ’ ಅನ್ನೋ ಪದ ಹುಟ್ಟಿದ್ದು ಕವಿಯ ಬಾಯಲ್ಲಲ್ಲ, ವೈದ್ಯ ವಿದ್ಯಾರ್ಥಿಯ ಪ್ರಬಂಧದಲ್ಲಿ. 1688ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಯೋಹಾನೆಸ್ ಹೋಫರ್ ಎಂಬಾತ, ಊರು ಬಿಟ್ಟು ಬಂದವರಲ್ಲಿ ಕಾಣುತ್ತಿದ್ದ ಒಂದು ತೊಂದರೆಗೆ ಗ್ರೀಕಿನ ಎರಡು ಪದ ಜೋಡಿಸಿ ಈ ಹೆಸರಿಟ್ಟ. ಒಂದರ ಅರ್ಥ ಮನೆಗೆ ಮರಳುವುದು, ಇನ್ನೊಂದರ ಅರ್ಥ ನೋವು. ಪರದೇಶದ ರಾಜರಿಗಾಗಿ ಸಂಬಳಕ್ಕೆ ಕಾದಾಡುತ್ತಿದ್ದ ಸ್ವಿಸ್ ಸೈನಿಕರ ಜೊತೆ ಈ ಕಾಯಿಲೆಯ ಹೆಸರು ಬಹಳ ಕಾಲ ಅಂಟಿಕೊಂಡಿತ್ತು. ಇದ್ದುದರಲ್ಲಿ ಒಳ್ಳೆಯ ಮದ್ದು, ರೋಗಿಯನ್ನು ಊರಿಗೆ ಕಳಿಸುವುದು.

ಸಮಸ್ಯೆ ಇರುವುದು ಆ ಮದ್ದಿನಲ್ಲೇ. ಊರಿಗೆ ವಾಪಸ್ ಹೋಗಬಹುದು, ಕಾಲಕ್ಕೆ ವಾಪಸ್ ಹೋಗಲು ಬರುವುದಿಲ್ಲ. ಲೆನಿನ್‌ಗ್ರಾಡ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ವಿದ್ವಾಂಸೆ ಸ್ವೆಟ್ಲಾನಾ ಬೊಯ್ಮ್, 2001ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಹಳಹಳಿಕೆಯನ್ನು ಎರಡಾಗಿ ವಿಂಗಡಿಸಿದರು. ಒಂದು, ಕಳೆದುಹೋದ ಮನೆಯನ್ನು ಇದ್ದ ಹಾಗೇ ಮತ್ತೆ ಕಟ್ಟಲು ಹೊರಡುವುದು. ಇದು ತನ್ನನ್ನು ಹಳಹಳಿಕೆ ಅಂತ ಕರೆದುಕೊಳ್ಳುವುದೇ ಇಲ್ಲ. ಸತ್ಯ, ಪರಂಪರೆ ಅನ್ನುತ್ತದೆ. ಮನೆ ಹಾಳಾಗಿದ್ದಕ್ಕೆ ಯಾರೋ ಕಾರಣರಿರಲೇಬೇಕಾದ್ದರಿಂದ ಶತ್ರುವನ್ನೂ ಹುಡುಕುತ್ತದೆ. ಇನ್ನೊಂದು, ಮನೆ ಮರಳಿ ಸಿಗದು ಅಂತ ಒಪ್ಪಿಕೊಂಡು, ಆ ನೋವಿನ ಜೊತೆ ಕೂತು ಯೋಚಿಸುವುದು. ಇದರಲ್ಲಿ ಅನುಮಾನಕ್ಕೆ, ನಗೆಗೆ, ಪ್ರಶ್ನೆಗೆ ಜಾಗ ಇರುತ್ತದೆ.

ಕನ್ನಡದವರಿಗೆ ಈ ಎರಡನೆಯದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ನಮ್ಮ ಜನಪದ ಹಾಡುಗಳಲ್ಲಿ ಹೆಣ್ಣುಮಕ್ಕಳು ತವರನ್ನು ನೆನೆಯುವುದು ಹೀಗೇ. ಮದುವೆಯಾಗಿ ಹೋದವಳು ಹಬ್ಬಕ್ಕೆ ತವರಿಗೆ ಬರುತ್ತಾಳೆ, ಆದರೆ ಬರುವುದು ನೆಂಟಳಾಗಿ. ಅವ್ವ ಹೋದ ಮೇಲೆ ಅದೇ ಮನೆ, ಅದೇ ಹೊಸ್ತಿಲು, ತವರು ಮಾತ್ರ ಇರುವುದಿಲ್ಲ. ತವರಿನ ಹಂಬಲ ಯಾರ ಮೇಲೂ ದಂಡೆತ್ತಿ ಹೋಗುವುದಿಲ್ಲ. ಆದರೆ ಹೆಣ್ಣನ್ನು ಹೀಗೆ ಬೇರು ಕಿತ್ತು ನೆಡುವ ವ್ಯವಸ್ಥೆಯ ಬಗ್ಗೆ ಅದು ಹೇಳುವಷ್ಟನ್ನು ಎಷ್ಟೋ ಭಾಷಣಗಳು ಹೇಳಲಾರವು.

ಕುರ್ಚಿ ಇಲ್ಲದ ಸಿನಿಮಾ

ಹಾಗಾದರೆ ವಿಡಿಯೋ ಇನ್‌ಸ್ಟಲೇಶನ್‌ಗೂ ಇದಕ್ಕೂ ಏನು ಸಂಬಂಧ? ಉತ್ತರ ಆ ಕಲೆಯ ತಾಂತ್ರಿಕ ಜೋಡಣೆಯಲ್ಲೇ ಇದೆ.

ಸಿನಿಮಾ ನಮ್ಮನ್ನು ಕುರ್ಚಿಯಲ್ಲಿ ಕೂರಿಸುತ್ತದೆ. ಪರದೆ ಒಂದೇ, ಆರಂಭ ಒಂದೇ, ಅಂತ್ಯ ಒಂದೇ. ಪ್ರೊಜೆಕ್ಟರ್ ನಮ್ಮ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ. ಇನ್‌ಸ್ಟಲೇಶನ್‌ನಲ್ಲಿ ಇದೆಲ್ಲ ಉಲ್ಟಾ. ಹಲವು ಪರದೆ ಇರಬಹುದು, ಅವು ಎದುರುಬದುರಾಗಿ ಇರಬಹುದು. ಒಂದನ್ನು ನೋಡಲು ಇನ್ನೊಂದಕ್ಕೆ ಬೆನ್ನು ಹಾಕಲೇಬೇಕು. ಚಿತ್ರ ಲೂಪ್‌ನಲ್ಲಿ ಓಡುತ್ತಿರುತ್ತದೆ, ನೀವು ಒಳಗೆ ಬಂದಾಗ ಅದು ಎಲ್ಲಿರುತ್ತದೋ ಅಲ್ಲಿಂದಲೇ ನಿಮಗೆ ಆರಂಭ. ಬೆಳಕಿಗೆ ಅಡ್ಡ ಬಂದರೆ ನಿಮ್ಮದೇ ನೆರಳು ಚಿತ್ರದ ಮೇಲೆ ಬೀಳುತ್ತದೆ. ವೈರು, ಯಂತ್ರ, ಪಕ್ಕದಲ್ಲಿ ನಿಂತವರ ಕೆಮ್ಮು ಎಲ್ಲವೂ ಗೊತ್ತಾಗುತ್ತಿರುತ್ತದೆ.

ಅಂದರೆ ಚಿತ್ರ ನಮ್ಮನ್ನು ಹಿಂದಿನ ಕಾಲಕ್ಕೆ ಎಳೆಯುತ್ತಿರುವಾಗಲೇ ನಮ್ಮ ದೇಹ ಈ ಕೋಣೆಯಲ್ಲಿ, ಈ ಹೊತ್ತಿನಲ್ಲಿ ನಿಂತಿರುತ್ತದೆ. ಈ ಎರಡರ ನಡುವಿನ ಅಂತರವನ್ನು ಮರೆಯಲು ಅವಕಾಶವೇ ಇಲ್ಲ. ರಾಜಕೀಯ ರೀಲ್ ಮುಚ್ಚಿಡಲು ನೋಡುವುದು ಇದೇ ಅಂತರವನ್ನು.

ಕ್ರಿಶ್ಚಿಯನ್ ಮಾರ್ಕ್ಲೇ 2010ರಲ್ಲಿ ಮಾಡಿದ ‘ದಿ ಕ್ಲಾಕ್’ ಇದಕ್ಕೆ ಸರಳ ಉದಾಹರಣೆ. ಗಡಿಯಾರ ಕಾಣಿಸುವ, ಹೊತ್ತಿನ ಮಾತು ಬರುವ ಸಾವಿರಾರು ಸಿನಿಮಾ ತುಣುಕುಗಳನ್ನು ಪೋಣಿಸಿದ 24 ಗಂಟೆಗಳ ಕೃತಿ ಅದು. ಪರದೆಯ ಮೇಲಿನ ಹೊತ್ತು ಮತ್ತು ಹೊರಗಿನ ಹೊತ್ತು ಸದಾ ಒಂದೇ. ನಾಲ್ಕು ಗಂಟೆಗೆ ಹೋದರೆ ಪರದೆಯ ಮೇಲೂ ನಾಲ್ಕು. ಹಳೆಯ ಸಿನಿಮಾ, ಹಳೆಯ ನಟರು, ಮನಸ್ಸು ಮೆತ್ತಗಾಗುತ್ತದೆ. ಆದರೆ ಪ್ರತಿ ನಿಮಿಷವೂ ಆ ಸಿನಿಮಾಗಳೇ ನಿಮಗೆ ಈಗಿನ ಟೈಮ್ ಹೇಳುತ್ತಿರುತ್ತವೆ. 2011ರಲ್ಲಿ ಮಾರ್ಕ್ಲೇಗೆ ವೆನಿಸ್ ಬಿಯೆನಾಲೆಯ ಗೋಲ್ಡನ್ ಲಯನ್ ತಂದುಕೊಟ್ಟಿದ್ದು ಇದೇ.

ಟ್ರಂಕಿನೊಳಗಿನ ಟಿವಿ

ಇನ್ನು ನಮ್ಮ ದೇಶಕ್ಕೆ ಬರೋಣ. ನಳಿನಿ ಮಲಾನಿ ಹುಟ್ಟಿದ್ದು 1946ರಲ್ಲಿ ಕರಾಚಿಯಲ್ಲಿ. ಮರುವರ್ಷವೇ ದೇಶ ಇಬ್ಭಾಗವಾಗಿ ಕುಟುಂಬ ಭಾರತಕ್ಕೆ ಬಂತು. ಅಂದರೆ ಅವರದು ತಾನು ನೆನಪಿಟ್ಟುಕೊಳ್ಳಲೂ ಆಗದಷ್ಟು ಎಳೆಯ ವಯಸ್ಸಿನಲ್ಲಿ ಕಳೆದುಕೊಂಡ ಊರು. ಮನೆಯ ಹಿರಿಯರ ಮಾತಿನಲ್ಲಿ ಮಾತ್ರ ಉಳಿದ ಊರು.

ಇಂಥ ಹಿನ್ನೆಲೆಯವರು ‘ನಮ್ಮದನ್ನು ಕಿತ್ತುಕೊಂಡರು’ ಎಂಬ ಕೃತಿ ಮಾಡಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಮಲಾನಿ ಹಾಗೆ ಮಾಡಲಿಲ್ಲ. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣುಬಾಂಬ್ ಪರೀಕ್ಷೆ ನಡೆಸಿತು, ಕೆಲವೇ ದಿನಗಳಲ್ಲಿ ಪಾಕಿಸ್ತಾನವೂ ನಡೆಸಿತು. ಎರಡೂ ಕಡೆ ಸಿಹಿ ಹಂಚುತ್ತಿದ್ದ ಆ ದಿನಗಳಿಗೆ ಅವರ ಉತ್ತರ ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’. ದೇಶ ವಿಭಜನೆಯಾದ ಮೇಲೆ ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಧರ್ಮದ ಪ್ರಕಾರ ಅದಲು ಬದಲು ಮಾಡಿಕೊಳ್ಳುವ ಸಾದತ್ ಹಸನ್ ಮಂಟೋ ಅವರ ಕತೆ ನಿಮಗೆ ಗೊತ್ತಿರಬಹುದು. ತನ್ನ ಊರು ಯಾವ ದೇಶದಲ್ಲಿದೆ ಎಂದು ಕೇಳುತ್ತಲೇ ಇರುವ ಬಿಷನ್ ಸಿಂಗ್ ಕೊನೆಗೆ ಎರಡೂ ಗಡಿಗಳ ನಡುವಿನ ಯಾರದೂ ಅಲ್ಲದ ನೆಲದಲ್ಲಿ ಬೀಳುತ್ತಾನೆ.

ಮಲಾನಿ ಅವರ ಕೋಣೆಯಲ್ಲಿ ನೆಲದ ಮೇಲೆ ತಗಡಿನ ಟ್ರಂಕುಗಳಿವೆ. ನಿರಾಶ್ರಿತರು ಹೊತ್ತು ತಂದಂಥ, ನಮ್ಮ ಅಜ್ಜಿಯರ ಮನೆಯಲ್ಲೂ ಇದ್ದಂಥ ಟ್ರಂಕು. ಮುಚ್ಚಳ ತೆರೆದಿದೆ, ಒಳಗೆ ಟಿವಿ ಉರಿಯುತ್ತಿದೆ. ಎದುರುಬದುರು ಗೋಡೆಗಳ ಮೇಲೆ ಇಬ್ಬರು ಹೆಂಗಸರು, ಒಂದು ಸೀರೆಯ ಎರಡು ತುದಿ ಹಿಡಿದು ಮಡಚಲು ನೋಡುತ್ತಿದ್ದಾರೆ. ನಡುವೆ ಇಡೀ ಕೋಣೆ ಇದೆ, ನಾವಿದ್ದೇವೆ. ಸೀರೆ ಮಡಚಲು ಆಗುವುದೇ ಇಲ್ಲ.

ಮನೆಯಲ್ಲಿ ಇಬ್ಬರು ಸೇರಿ ಸೀರೆ ಮಡಚುವುದನ್ನು ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ. ಆಚೆಯವಳು ಹೆಜ್ಜೆ ಮುಂದೆ ಬಂದು ತುದಿ ಕೂಡಿಸಲೇಬೇಕು. ಇಲ್ಲಿ ಹಾಗೆ ಬರುವ ದಾರಿಯೇ ಮುಚ್ಚಿದೆ, ಯಾಕೆಂದರೆ ನಡುವೆ ಗಡಿ ಇದೆ, ಈಗ ಬಾಂಬೂ ಇದೆ. ಕಳೆದುಹೋದ ಮನೆಯ ನೆನಪು ಇಲ್ಲಿ ಸೇಡಿನ ಕಡೆಗೆ ಹೋಗದೆ ಯುದ್ಧೋನ್ಮಾದದ ವಿರುದ್ಧ ತಿರುಗಿ ನಿಲ್ಲುತ್ತದೆ. ಹಳಹಳಿಕೆ ಸೃಜನಶೀಲ ಶಕ್ತಿ ಅನ್ನುವಾಗ ನನ್ನ ತಲೆಯಲ್ಲಿ ಇರುವುದು ಈ ತಿರುವು.

ಬಾರದೇ ಹೋದ ನಾಳೆ

ಹಳಹಳಿಕೆ ಅಂದರೆ ಇದ್ದುದರ ಬಗ್ಗೆ ಮಾತ್ರ ಅಂದುಕೊಂಡಿದ್ದೇವೆ. ಬರುತ್ತದೆ ಅಂತ ನಂಬಿಸಿ ಬಾರದೇ ಹೋದದ್ದರ ಬಗ್ಗೆಯೂ ಅದು ಇರಬಹುದು.

1969ರಲ್ಲಿ ಚಿತ್ರಕಲಾವಿದ ಅಕ್ಬರ್ ಪದಮ್‌ಸೀ ತಮಗೆ ಬಂದ ನೆಹರೂ ಫೆಲೋಶಿಪ್ ಹಣದಲ್ಲಿ ಮುಂಬೈಯಲ್ಲಿ ಒಂದು ಪ್ರಯೋಗಶಾಲೆ ತೆರೆದರು. ಕಲಾವಿದರು ಬಂದು ಕ್ಯಾಮೆರಾ, ಫಿಲ್ಮ್ ಹಿಡಿದು ಏನು ಬೇಕಾದರೂ ಮಾಡಬಹುದಿತ್ತು. ಆಗಷ್ಟೇ ಕಲಾಶಾಲೆ ಮುಗಿಸಿದ್ದ ಮಲಾನಿ ಅಲ್ಲಿ ‘ಡ್ರೀಮ್ ಹೌಸಸ್’ ಎಂಬ ಬಣ್ಣದ ಅನಿಮೇಶನ್ ಮಾಡಿದರು. ಚಾರ್ಲ್ಸ್ ಕೊರಿಯಾರಂಥ ವಾಸ್ತುಶಿಲ್ಪಿಗಳು ಎಲ್ಲರಿಗೂ ಗಾಳಿ ಬೆಳಕಿನ ಮನೆ ಎಂದು ಕನಸು ಹಂಚುತ್ತಿದ್ದ ಕಾಲ ಅದು. ಏಳು ವರ್ಷ ಬಿಟ್ಟು, 1976ರಲ್ಲಿ, ಅದೇ ಕಲಾವಿದೆ ಕಪ್ಪು ಬಿಳುಪಿನಲ್ಲಿ ಇನ್ನೊಂದು ಚಿತ್ರ ತೆಗೆದರು. ಅದರಲ್ಲಿ ಯುವತಿಯೊಬ್ಬಳು ನಗರವನ್ನು ನೋಡುತ್ತಾ ನಿಂತಿದ್ದಾಳೆ. ಹೊರಗೆ ಕಾಣುವುದು ಕೊಳೆಗೇರಿ. ದೇಶದಲ್ಲಿ ತುರ್ತುಪರಿಸ್ಥಿತಿ.

ಈ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಆಗಿದ್ದೇ ‘ಯುಟೋಪಿಯಾ’. ಒಂದು ಕಡೆ ಬಣ್ಣದ ಮನೆಗಳು, ಇನ್ನೊಂದು ಕಡೆ ಅವನ್ನು ಕಾಯುತ್ತಾ ಬೇಸತ್ತ ಮುಖ. ಎಡಪರದೆ ಒಂದೇ ಇದ್ದಿದ್ದರೆ ನೆಹರೂ ಯುಗದ ಗುಣಗಾನ ಆಗುತ್ತಿತ್ತು. ಬಲಪರದೆ ಒಂದೇ ಇದ್ದಿದ್ದರೆ ‘ಎಲ್ಲ ಮೋಸ’ ಅನ್ನೋ ಸಿನಿಕತನ. ಎರಡೂ ಒಟ್ಟಿಗೆ ಓಡುವಾಗ ಪ್ರಶ್ನೆ ಬೇರೆಯಾಗುತ್ತದೆ: ಆ ಕನಸು ಒಳ್ಳೆಯದೇ ಆಗಿತ್ತಲ್ಲ, ಅದನ್ನು ಕೈಬಿಟ್ಟವರು ಯಾರು? ‘ಅಚ್ಛೇ ದಿನ್’, ‘ವಿಶ್ವಗುರು’ಗಳ ನಡುವೆ ಬೆಳೆದ ತಲೆಮಾರಿಗೆ ಈ ಪ್ರಶ್ನೆಯ ಉಪಯೋಗ ಹೇಳಬೇಕಿಲ್ಲ.

ಬೆಂಗಳೂರಿನ ಪುಷ್ಪಮಾಲಾ ಎನ್. ಇದೇ ಕಾಲವನ್ನು ನಗುತ್ತಾ ನೋಡಿದರು. ಅವರ 2004ರ ವಿಡಿಯೋ ‘ರಾಷ್ಟ್ರೀಯ ಖೀರ್ ಆ್ಯಂಡ್ ದೇಸೀಯ ಸಲಾಡ್’ ಒಂದೇ ಪರದೆಯದು. 1950ರ ದಶಕದ ಅಡುಗೆ ಟಿಪ್ಪಣಿ ಪುಸ್ತಕಗಳನ್ನು ಆಧರಿಸಿ, ಸ್ವಾತಂತ್ರ್ಯಾನಂತರದ ‘ಆದರ್ಶ’ ಕುಟುಂಬವನ್ನು ಶಾಲಾ ಕೊಠಡಿಯ ಕಪ್ಪು ಹಲಗೆಯ ಮುಂದೆ ತಂದು ನಿಲ್ಲಿಸುತ್ತದೆ. ಖೀರಿಗೂ ಸಲಾಡಿಗೂ ‘ರಾಷ್ಟ್ರೀಯ’, ‘ದೇಸೀಯ’ ಅಂತ ಹೆಸರಿಟ್ಟು ಅಡುಗೆಮನೆಯಿಂದಲೇ ದೇಶ ಕಟ್ಟಲು ಹೊರಟಿದ್ದ ಆ ಕಾಲದ ಮುಗ್ಧ ಉತ್ಸಾಹದ ಬಗ್ಗೆ ಅದರಲ್ಲಿ ಅಕ್ಕರೆಯೂ ಇದೆ, ಕೀಟಲೆಯೂ ಇದೆ. ಇವೆರಡೂ ಒಟ್ಟಿಗೆ ಇರಬಲ್ಲವು ಅನ್ನೋದನ್ನು ಮನೆ ಮತ್ತೆ ಕಟ್ಟಲು ಹೊರಟವರು ಒಪ್ಪುವುದಿಲ್ಲ.

ಆಲ್ಬಮ್ ಇಲ್ಲದವರ ನೆನಪು

ಇಲ್ಲಿಯವರೆಗೆ ಬಂದವರಿಗೆ ಒಂದು ಕಿರಿಕಿರಿ ಶುರುವಾಗಿರಬೇಕು. ಹಳಹಳಿಸಲು ಒಂದು ಒಳ್ಳೆಯ ‘ಹಿಂದೆ’ ಬೇಕಲ್ಲ, ಅದು ಇದ್ದದ್ದು ಯಾರಿಗೆ?

1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತಾ ಬಾಬಾಸಾಹೇಬ್ ಅಂಬೇಡ್ಕರ್ ಇದೇ ಪ್ರಶ್ನೆಯನ್ನು ಸಂವಿಧಾನ ಸಭೆಯ ಮುಂದಿಟ್ಟರು. ಹಳ್ಳಿಯೇ ಭಾರತದ ಆತ್ಮ, ಅದನ್ನೇ ಆಡಳಿತದ ಬುನಾದಿ ಮಾಡಿ ಎಂಬ ಒತ್ತಾಯವನ್ನು ಅವರು ತಳ್ಳಿಹಾಕಿ, ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಕೋಮುಭಾವದ ತಾಣವೆಂದು ಕರೆದರು. ಊರ ಮಧ್ಯದ ಅರಳಿಕಟ್ಟೆಯ ನೆನಪು ಅಗ್ರಹಾರದವನಿಗೆ ಸಿಹಿ. ಆ ಕಟ್ಟೆಯ ಹತ್ತಿರ ಸುಳಿಯಲೂ ಬಿಡದಿದ್ದ ಕೇರಿಯವನಿಗೆ? ಹಾಗಾಗಿ ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂಬ ಮಾತು ಜಾತಿ, ವರ್ಗ, ಲಿಂಗ ಬಿಟ್ಟು ಎಂದೂ ಬರುವುದಿಲ್ಲ.

ದಾಖಲೆಯ ಕತೆಯೂ ಅಷ್ಟೇ. ಹಿಂದೆ ಮನೆಯಲ್ಲಿ ಕ್ಯಾಮೆರಾ ಇರಬೇಕಾದರೆ ದುಡ್ಡಿರಬೇಕಿತ್ತು. ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ ಹವ್ಯಾಸಿಗಳು ತೆಗೆದ ಹಳೆಯ ಹೋಮ್ ಮೂವಿಗಳನ್ನು ಹುಡುಕಿ ತಂದು ಕೃತಿಗಳನ್ನು ಮಾಡಿದವರು. ಅವರ ‘ಸ್ಟ್ರೈಟ್ 8’ ಬೆಂಗಳೂರಿನ ಒಬ್ಬ ಆಂಗ್ಲೋ ಇಂಡಿಯನ್ ಹವ್ಯಾಸಿ ಛಾಯಾಗ್ರಾಹಕರ ರೀಲುಗಳ ಸುತ್ತ ಇದೆ. ಇಂಥ ರೀಲುಗಳು ಅಪರೂಪದ ಸಂಪತ್ತು, ಸಂಶಯವಿಲ್ಲ. ಆದರೆ ನಗರದ ಬಹುಪಾಲು ಜನರ ಮನೆಯಲ್ಲಿ ಅಂಥ ರೀಲೇ ಇರಲಿಲ್ಲ ಅನ್ನೋದನ್ನೂ ಅವು ನೆನಪಿಸುತ್ತವೆ.

ಆಲ್ಬಮ್ ಇಲ್ಲದವರು ಏನು ಮಾಡಬೇಕು? ಇದಕ್ಕೆ ಬಲವಾದ ಒಂದು ಉತ್ತರ ಕೊಟ್ಟವರು ಬ್ರಿಟನ್ನಿನ ಕಪ್ಪು ಕಲಾವಿದರು. ಘಾನಾದಲ್ಲಿ 1957ರಲ್ಲಿ ಹುಟ್ಟಿ, ಬ್ರಿಟನ್ನಿಗೆ ವಲಸೆ ಬಂದ ಜಾನ್ ಅಕೊಂಫ್ರಾ ಮತ್ತು ಗೆಳೆಯರು 1982ರಲ್ಲಿ ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್ ಕಟ್ಟಿಕೊಂಡರು. ಅವರ ಅಪ್ಪ ಅಮ್ಮಂದಿರ ತಲೆಮಾರು ಹಡಗಿನಿಂದ ಇಳಿದದ್ದು, ಕೆಲಸ ಹುಡುಕಿದ್ದು, ಪೊಲೀಸರಿಂದ ಒದೆ ತಿಂದದ್ದು ಎಲ್ಲವೂ ಚಿತ್ರದಲ್ಲಿತ್ತು. ಆದರೆ ಅದನ್ನು ತೆಗೆದದ್ದು ಟಿವಿ ಸುದ್ದಿಯವರು, ‘ವಲಸಿಗರ ಸಮಸ್ಯೆ’ ಎಂಬ ತಲೆಬರಹದಡಿ. ಅಕೊಂಫ್ರಾ ಆ ತುಣುಕುಗಳನ್ನೇ ಎತ್ತಿಕೊಂಡು ವರದಿಗಾರನ ದನಿ ಕಿತ್ತು ಬೇರೆ ದನಿ, ಬೇರೆ ಸಂಗೀತ ಹಾಕಿದರು. ಸಮಸ್ಯೆಯಾಗಿ ಚಿತ್ರಿತರಾದವರು ಯಾರದೋ ತಾಯಿ, ಯಾರದೋ ಅಣ್ಣ ಆಗಿ ಕಾಣತೊಡಗಿದರು.

2012ರ ಅವರ ಮೂರು ಪರದೆಯ ಕೃತಿ ‘ದಿ ಅನ್‌ಫಿನಿಶ್ಡ್ ಕಾನ್ವರ್ಸೇಶನ್’ ಜಮೈಕಾದಿಂದ 1951ರಲ್ಲಿ ಆಕ್ಸ್‌ಫರ್ಡ್‌ಗೆ ಬಂದ ಚಿಂತಕ ಸ್ಟುವರ್ಟ್ ಹಾಲ್ ಅವರ ಬದುಕನ್ನು ಕುರಿತದ್ದು. ಒಂದು ಪರದೆಯಲ್ಲಿ ಮನೆಯ ಫೋಟೋ, ಇನ್ನೊಂದರಲ್ಲಿ ಆ ಕಾಲದ ಸುದ್ದಿಚಿತ್ರ, ಮತ್ತೊಂದರಲ್ಲಿ ಸಮುದ್ರವೋ ಬೀದಿಯೋ. ಗುರುತು ಎಂಬುದು ಹಿಂದೆಲ್ಲೋ ಭದ್ರವಾಗಿ ಕೂತ ವಸ್ತುವಲ್ಲ, ಮುಗಿಯದ ಮಾತುಕತೆ ಎಂದು ಹಾಲ್ ವಾದಿಸುತ್ತಿದ್ದರು. ಮೂರು ಪರದೆಗಳು ಆ ವಾದವನ್ನು ಕಣ್ಣಿಗೆ ಕಾಣಿಸುತ್ತವೆ, ಯಾಕೆಂದರೆ ಮೂರನ್ನೂ ಒಟ್ಟಿಗೆ ಪೂರ್ತಿಯಾಗಿ ನೋಡಲು ಯಾರಿಂದಲೂ ಆಗದು.

ಫಿಲ್ಟರ್‌ಗೂ ಸವಕಳಿಗೂ ಇರುವ ವ್ಯತ್ಯಾಸ

ಎಂಜಿನಿಯರಿಂಗ್ ಓದಿದ ತಪ್ಪಿಗೆ ಒಂದಿಷ್ಟು ತಾಂತ್ರಿಕ ಮಾತು, ಸಹಿಸಿಕೊಳ್ಳಿ.

ನಮ್ಮ ಮನೆಗಳ ಹಳೆಯ ಡಬ್ಬಾ ಟಿವಿಯಲ್ಲಿ ಪೂರ್ತಿ ಚಿತ್ರ ಅನ್ನೋದು ಯಾವ ಕ್ಷಣದಲ್ಲೂ ಇರುತ್ತಿರಲಿಲ್ಲ. ಎಲೆಕ್ಟ್ರಾನ್ ಕಿರಣವೊಂದು ಪರದೆಯ ಹಿಂಬದಿಗೆ ಬಡಿಯುತ್ತಾ, ಮೊದಲು ಬೆಸ ಗೆರೆಗಳನ್ನು, ಆಮೇಲೆ ಸಮ ಗೆರೆಗಳನ್ನು ಎಳೆಯುತ್ತಿತ್ತು. ಒಟ್ಟು 625 ಗೆರೆ, ಸೆಕೆಂಡಿಗೆ 25 ಸಲ. ಒಂದು ಗೆರೆ ಹೊಳೆಯುವಾಗ ಹಿಂದಿನದು ಆಗಲೇ ಮಾಸುತ್ತಿರುತ್ತಿತ್ತು. ಚಿತ್ರವನ್ನು ಪೂರ್ತಿ ಮಾಡುತ್ತಿದ್ದದ್ದು ನಮ್ಮ ಕಣ್ಣು ಮತ್ತು ಮಿದುಳು. ನೆನಪು ಕೆಲಸ ಮಾಡುವುದೂ ಹೆಚ್ಚೂಕಡಿಮೆ ಹೀಗೇ: ಚೂರುಗಳು ಸಿಗುತ್ತವೆ, ಉಳಿದದ್ದನ್ನು ನಾವು ತುಂಬುತ್ತೇವೆ.

ವಿಎಚ್‌ಎಸ್ ಟೇಪ್‌ನಲ್ಲಿ ಬೆಳಕಿನ ಮಾಹಿತಿಗೆ ಹೋಲಿಸಿದರೆ ಬಣ್ಣದ ಮಾಹಿತಿ ತೀರಾ ಕಡಿಮೆ ವಿವರದಲ್ಲಿ ದಾಖಲಾಗುತ್ತಿತ್ತು. ಅದಕ್ಕೇ ಮದುವೆ ಕ್ಯಾಸೆಟ್ಟಿನಲ್ಲಿ ಕೆಂಪು ಸೀರೆಯ ಕೆಂಪು ಪಕ್ಕದವರ ಮೇಲೂ ಹರಡುವುದು. ಪ್ಲೇ ಮಾಡಿದಷ್ಟೂ ಟೇಪ್ ಸವೆಯುತ್ತದೆ. ಒಂದೇ ಜಾಗದಲ್ಲಿ ಪಾಸ್ ಒತ್ತಿ ನಿಲ್ಲಿಸಿದರೆ ಅಲ್ಲಿ ಇನ್ನೂ ಹೆಚ್ಚು. ಅಂದರೆ ತೀರಿಹೋದ ಅಜ್ಜನ ಮುಖ ಬಂದಲ್ಲೇ ಟೇಪ್ ಅತಿ ಹೆಚ್ಚು ಹಾಳಾಗಿರುತ್ತದೆ. ಆ ಗೆರೆ, ಆ ಕಲೆ ಯಾರೋ ಮತ್ತೆ ಮತ್ತೆ ನೋಡಿದ್ದಕ್ಕೆ ಸಾಕ್ಷಿ.

ಫೋನಿನ ವಿಎಚ್‌ಎಸ್ ಫಿಲ್ಟರ್ ಇದೇ ಗೆರೆಯನ್ನು ಒಂದು ಸೆಕೆಂಡಿನಲ್ಲಿ ಹಾಕಿಕೊಡುತ್ತದೆ. ಸವಕಳಿ ಕಾಣುತ್ತದೆ, ಸವೆಸಿದ ಕಾಲ ಇರುವುದಿಲ್ಲ. ಗೊತ್ತಿದ್ದೂ ಆಟಕ್ಕೆ ಬಳಸುವುದರಲ್ಲಿ ತಪ್ಪೇನಿಲ್ಲ ಬಿಡಿ. ಇದೇ ತಂತ್ರದಿಂದ ಸುಳ್ಳು ‘ಹಳೆಯ ವಿಡಿಯೋ’ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಟ್ಟಾಗ ಆಟ ಮುಗಿಯುತ್ತದೆ.

ನಿಜವಾದ ಸವಕಳಿಯನ್ನು ಏನು ಮಾಡಬೇಕು ಎಂಬುದು ವಸ್ತುಸಂಗ್ರಹಾಲಯಗಳಿಗೂ ತಲೆನೋವು. ವಿಡಿಯೋ ಕಲೆಯ ಆದ್ಯ ಹೆಸರುಗಳಲ್ಲಿ ಒಬ್ಬರಾದ ನಾಮ್ ಜೂನ್ ಪೈಕ್ 1988ರ ಸೋಲ್ ಒಲಿಂಪಿಕ್ಸ್ ವರ್ಷದಲ್ಲಿ 1,003 ಡಬ್ಬಾ ಟಿವಿಗಳ ಗೋಪುರ ಕಟ್ಟಿದರು. ಟಿವಿಗಳಿಗೆ ವಯಸ್ಸಾಗಿ, ಸುರಕ್ಷತೆಯ ಕಾರಣಕ್ಕೆ 2018ರಲ್ಲಿ ಅದನ್ನು ಆರಿಸಬೇಕಾಯಿತು. ಅಂಥ ಪಿಕ್ಚರ್ ಟ್ಯೂಬ್‌ಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಎಲ್ಲವನ್ನೂ ಹೊಸ ಎಲ್‌ಸಿಡಿ ಮಾಡಿಬಿಡಬಹುದಿತ್ತು. ದಕ್ಷಿಣ ಕೊರಿಯಾದ ರಾಷ್ಟ್ರೀಯ ಸಂಗ್ರಹಾಲಯ ಹಾಗೆ ಮಾಡದೆ, ರಿಪೇರಿ ಸಾಧ್ಯವಿದ್ದ ಹಳೆಯವನ್ನು ಉಳಿಸಿ, ಆಗದ ಕಡೆ ಮಾತ್ರ ಹೊಸದು ಹಾಕಿ 2022ರಲ್ಲಿ ಮತ್ತೆ ಬೆಳಗಿಸಿತು. ಹಳೆಯದನ್ನು ಕೆಡವಿ ‘ಮೂಲಸ್ಥಿತಿಗೆ’ ತರುತ್ತೇವೆ ಅನ್ನುವವರಿಗೆ ತೋರಿಸಬೇಕಾದ ಕೆಲಸ ಇದು.

ಕಳೆದುಕೊಳ್ಳುವ ಮುನ್ನವೇ

ಊರು ಬಿಟ್ಟವರ ನೋವಿಗೆ ಹೆಸರಿದೆ. ಊರಲ್ಲೇ ಇದ್ದು, ಊರೇ ನಿಮ್ಮನ್ನು ಬಿಟ್ಟು ಹೋಗುತ್ತಿದ್ದರೆ? ಆಸ್ಟ್ರೇಲಿಯಾದ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗಳು ತಮ್ಮ ಸುತ್ತಲ ನೆಲವನ್ನೇ ನುಂಗುವುದನ್ನು ನೋಡುತ್ತಿದ್ದ ಜನರ ಸಂಕಟಕ್ಕೆ ಗ್ಲೆನ್ ಆಲ್ಬ್ರೆಕ್ಟ್ ಎಂಬ ಚಿಂತಕ ‘ಸೋಲಾಸ್ಟಾಲ್ಜಿಯಾ’ ಎಂದು ಹೆಸರಿಟ್ಟರು.

ದೆಹಲಿಯ ಅಮರ್ ಕನ್ವರ್ ಒಡಿಶಾದಲ್ಲಿ ಮಾಡಿದ್ದು ಈ ಸಂಕಟದ ದಾಖಲೆ. ಅವರ ‘ದಿ ಸೀನ್ ಆಫ್ ಕ್ರೈಮ್’ ಚಿತ್ರದಲ್ಲಿ 42 ನಿಮಿಷ ನೀವು ನೋಡುವುದು ಗಾಳಿಗೆ ಆಡುವ ಹುಲ್ಲು, ನೀರು, ಮರ, ದಾರಿ. ಸುಂದರ ನಿಸರ್ಗಚಿತ್ರ ಅಂದುಕೊಳ್ಳುವಷ್ಟರಲ್ಲಿ ತಿಳಿಯುತ್ತದೆ: ಇದೆಲ್ಲ ಕೈಗಾರಿಕೆಗಾಗಿ ಸ್ವಾಧೀನವಾಗಲಿರುವ ನೆಲ. ಇನ್ನೂ ನಡೆದಿಲ್ಲದ ಅಪರಾಧದ ಸ್ಥಳ ಪರಿಶೀಲನೆ. ಆ ಕ್ಷಣದಿಂದ ಹುಲ್ಲುಕಡ್ಡಿಯನ್ನೂ ನೀವು ಬೇರೆ ಥರ ನೋಡುತ್ತೀರಿ.

ಈ ಚಿತ್ರ ‘ದಿ ಸಾವರಿನ್ ಫಾರೆಸ್ಟ್’ ಎಂಬ ದೊಡ್ಡ ಇನ್‌ಸ್ಟಲೇಶನ್‌ನ ಭಾಗ. ಅಲ್ಲಿ ಕೈಯಲ್ಲಿ ಮಾಡಿದ ಕಾಗದದ ಪುಸ್ತಕಗಳ ಹಾಳೆಯ ಮೇಲೆ ಚಿತ್ರಗಳು ಮೂಡುತ್ತವೆ. ಗೋಡೆಯ ಮೇಲೆ 272 ಬಗೆಯ ನಾಟಿ ಭತ್ತದ ಬೀಜಗಳಿವೆ. 2012ರಲ್ಲಿ ಜರ್ಮನಿಯ ಡಾಕ್ಯುಮೆಂಟಾದಲ್ಲಿ ಪ್ರದರ್ಶನವಾದ ವರ್ಷವೇ ಭುವನೇಶ್ವರದಲ್ಲೂ ಅದು ತೆರೆಯಿತು.

ಭೂಸ್ವಾಧೀನದ ಕಡತದಲ್ಲಿ ಎಕರೆ, ಗುಂಟೆ, ಸರ್ವೆ ನಂಬರ್, ಪರಿಹಾರದ ದರ ಎಲ್ಲಕ್ಕೂ ಕಾಲಂ ಇದೆ. ಈ ಹೊಲದ ಬದುವಿನಲ್ಲಿ ಅಪ್ಪನ ಸಮಾಧಿ ಇದೆ, ಈ ಬಾವಿ ತೋಡಿದ್ದು ನಮ್ಮಜ್ಜ ಅನ್ನೋದಕ್ಕೆ ಕಾಲಂ ಇಲ್ಲ. ಅದು ‘ಭಾವನಾತ್ಮಕ ವಿಷಯ’. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಟ್ಟುಕೊಡುವುದಿಲ್ಲ ಅಂತ ವರ್ಷಗಟ್ಟಲೆ ಧರಣಿ ಕೂತಾಗ ಅವರಿಗೂ ಅಭಿವೃದ್ಧಿಯ ಹೆಸರಲ್ಲಿ ಬುದ್ಧಿ ಹೇಳಿದವರಿದ್ದರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ನೆಲದ ಮೇಲಿನ ಮಮತೆ ಹೋರಾಟದ ಬಲವಾಗಿ ನಿಲ್ಲಬಲ್ಲದು ಅನ್ನೋದು ಕರ್ನಾಟಕದವರಿಗೆ ಕಣ್ಣೆದುರಿನ ಸಂಗತಿ. ಕನ್ವರ್ ಮಾಡಿದ್ದು ಆ ಮಮತೆಯನ್ನು ‘ಭಾವನೆ’ಯ ಕಪಾಟಿನಿಂದ ತೆಗೆದು ‘ಸಾಕ್ಷ್ಯ’ದ ಮೇಜಿನ ಮೇಲೆ ಇಟ್ಟದ್ದು. ಭತ್ತದ 272 ತಳಿಗಳು ಅಲ್ಲಿ ಅಲಂಕಾರಕ್ಕಿಲ್ಲ, ಏನೇನು ಹೋಗುತ್ತದೆ ಎಂಬುದರ ಪಟ್ಟಿ ಅದು.

ಎಲ್ಲ ಪರದೆಯೂ ಒಂದೇ ಅಲ್ಲ

ಹಂಗಂತ ಹಲವು ಪ್ರೊಜೆಕ್ಟರ್ ಇಟ್ಟ ಮಾತ್ರಕ್ಕೆ ಕಲೆ ಪ್ರಾಮಾಣಿಕವಾಗುವುದಿಲ್ಲ. ಕೋಟೆಯ ಗೋಡೆಯ ಮೇಲೆ ಬೆಳಕು ಚೆಲ್ಲಿ ಒಬ್ಬ ರಾಜನ ಏಕಮುಖ ವೈಭವ ತೋರಿಸುವ ಧ್ವನಿ ಬೆಳಕಿನ ಕಾರ್ಯಕ್ರಮಗಳು, ನಾಲ್ಕೂ ಗೋಡೆಗೆ ವ್ಯಾನ್ ಗೋ ಚಿತ್ರ ಹರಡಿ ಟಿಕೆಟ್ ಮಾರುವ ‘ಇಮ್ಮರ್ಸಿವ್’ ಪ್ರದರ್ಶನಗಳು ಬಳಸುವುದೂ ಇದೇ ಸಲಕರಣೆ. ಅವುಗಳ ಗುರಿ ನಿಮ್ಮನ್ನು ಮುಳುಗಿಸುವುದು. ನೀವು ಎಲ್ಲಿ ನಿಂತಿದ್ದೀರಿ ಎಂಬುದು ಮರೆತುಹೋಗಬೇಕು. ಗ್ಯಾಲರಿಯ ಕಲಾವಿದರಲ್ಲೂ ಹಳೆಯ ಟಿವಿ, ಹಳೆಯ ಫೋಟೋ ಇಟ್ಟು ಮುದ ಕೊಟ್ಟು ಕಳಿಸುವವರು ಬೇಕಾದಷ್ಟು ಇದ್ದಾರೆ. ಇನ್ನು ಈ ಕಲೆ ನೋಡಲು ಸಿಗುವುದೇ ಬಹುತೇಕ ದೊಡ್ಡ ನಗರಗಳಲ್ಲಿ, ಕೊಚ್ಚಿಯ ಬಿಯೆನಾಲೆಯಂಥ ಕಡೆ, ಬೆಂಗಳೂರಿನ ಕೆಲವು ಗ್ಯಾಲರಿಗಳಲ್ಲಿ. ಹಾವೇರಿಯ, ರಾಯಚೂರಿನ ವಿದ್ಯಾರ್ಥಿಗೆ ಅದು ದೂರವೇ. ಈ ಟೀಕೆ ನ್ಯಾಯವಾದದ್ದು.

ಆದರೆ ಈ ಕೃತಿಗಳು ಕಲಿಸುವ ನೋಟಕ್ಕೆ ಗ್ಯಾಲರಿ ಬೇಕಿಲ್ಲ. ‘ಆ ಕಾಲ’ದ ಬಗ್ಗೆ ಯಾವುದೇ ರೀಲ್, ಸಿನಿಮಾ, ಭಾಷಣ ಎದುರಾದಾಗ ಮೂರು ಪ್ರಶ್ನೆ ಕೇಳಿ. ಇದನ್ನು ತೆಗೆದವರು ಯಾರು, ಚೌಕಟ್ಟಿನ ಹೊರಗೆ ಉಳಿದವರು ಯಾರು? ಅಂದಿಗೂ ಇಂದಿಗೂ ನಡುವಿನ ಅಂತರವನ್ನು ಇದು ತೋರಿಸುತ್ತಿದೆಯೋ, ಮುಚ್ಚುತ್ತಿದೆಯೋ? ನೋಡಿ ಮುಗಿಸಿದ ಮೇಲೆ ನನಗೆ ಯಾರ ಮೇಲೋ ಸಿಟ್ಟು ಬರುತ್ತಿದೆಯೋ ಅಥವಾ ಏನನ್ನೋ ಉಳಿಸಿಕೊಳ್ಳಬೇಕು ಅನ್ನಿಸುತ್ತಿದೆಯೋ?

ಮನೆಯ ಅಟ್ಟದಲ್ಲಿ ಮದುವೆ ಕ್ಯಾಸೆಟ್ ಇದ್ದರೆ ಮೊದಲು ಅದನ್ನು ಇಳಿಸಿ. ಟೇಪ್ ಇನ್ನು ಬಹಳ ವರ್ಷ ತಡೆಯುವುದಿಲ್ಲ, ಓದುವ ವಿಸಿಆರ್‌ಗಳೂ ಕಡಿಮೆಯಾಗುತ್ತಿವೆ. ಡಿಜಿಟಲ್ ಮಾಡಿಸಿ, ಅಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮುನ್ನೂರು ಜನರಿಗೆ ಅಡುಗೆ ಮಾಡಿದವರು, ಚಪ್ಪರ ಕಟ್ಟಿದವರು, ಎಲೆ ಎತ್ತಿದವರು ಎಷ್ಟು ಸೆಕೆಂಡು ಕಾಣುತ್ತಾರೆ ಅಂತ ಲೆಕ್ಕ ಹಾಕಿ. ಕಾಣದಿದ್ದರೆ ಅವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.